ಸಡಿಲ ಬೆಲ್ಟು

"ಹನ್ನೆರಡು," ಅಂದಳು ಅವಳು. ಮೀಟರಿನಲ್ಲಿ ಹದಿನಾಲ್ಕು ಇತ್ತು.

"ಗಟ್ಟಿಯಾಗಿ ಹೇಳೇ. ಬಾಯಲ್ಲಿ ಏನಿಟ್ಕೊಂಡಿದ್ದೀಯ?" ಸ್ಟೀರಿಂಗಿನ ಹಿಂದೆ ಕೂತಿದ್ದ ಗಂಡ ಕೂಗಿದ.

"ಹನ್ನೆರಡು. ಮೇಲೆ ಹೋಗ್ತಾನೇ ಇಲ್ಲ."

ಅವನು ಆಕ್ಸಿಲರೇಟರನ್ನು ಮತ್ತೆ ತುಳಿದ. ಹೊಟ್ಟೆಗೆ ಒದೆ ಬಿದ್ದ ಹಾಗೆ ಎಂಜಿನ್ನು ಗುಟುರು ಹಾಕಿತು, ಫ್ಯಾನ್ ಬೆಲ್ಟು ಕಿರುಚಿತು, ಕಿರುಚುವಷ್ಟು ಹೊತ್ತು ಮೀಟರಿನ ಅಂಕಿ ಹನ್ನೆರಡಕ್ಕೆ ಕುಸಿದು, ಕಿರುಚಾಟ ನಿಂತದ್ದೇ ಹದಿನಾಲ್ಕಕ್ಕೆ ಏರಿತು. ಹಳೆಯ ಕಾರು ಅದು, ಮಾವನದು. ಎಂಜಿನ್ ಓಡುವಾಗ ಬ್ಯಾಟರಿಗೆ ಮೀಟರ್ ಹಿಡಿದರೆ ಹದಿನಾಲ್ಕು ವೋಲ್ಟಿನ ಆಸುಪಾಸು ತೋರಿಸಬೇಕು, ಹನ್ನೆರಡರಲ್ಲೇ ನಿಂತರೆ ಬ್ಯಾಟರಿಗೆ ಚಾರ್ಜ್ ಬರುತ್ತಿಲ್ಲವೆಂದು ಅರ್ಥ. ಇದನ್ನು ಬೆಳಿಗ್ಗೆ ಗಂಡನೇ ಹೇಳಿಕೊಟ್ಟಿದ್ದ, ಅವಳ ತಲೆಗೆ ಹತ್ತುವುದಿಲ್ಲವೆಂಬ ಧಾಟಿಯಲ್ಲಿ, ಎರಡೆರಡು ಸಲ. ಈಗ ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏರಿ ಇಳಿದು ಮಾಡ್ತಿದೆಯಾ? ಸರಿಯಾಗಿ ನೋಡು. ಏರಿಳಿದರೆ ಬೆಲ್ಟು ಜಾರ್ತಿದೆ ಅಂತ," ಎಂದ. ಅವಳ ಕಣ್ಣೆದುರಿಗೇ ಅಂಕಿ ಏರಿತು, ಇಳಿಯಿತು, ಏರಿತು. "ಇಲ್ಲ," ಎಂದಳು. ತನ್ನ ದನಿ ಲ್ಯಾಬಿನಲ್ಲಿ ಕೇಳುವಂತೆಯೇ ಕೇಳಿತು, ತಣ್ಣಗೆ, ನಂಬುವ ಹಾಗೆ. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ದಿನವಿಡೀ ಅಂಕಿ ಓದುವುದೇ ಅವಳ ಕೆಲಸ. ಅವಳು ಓದಿದ ಅಂಕಿಯ ಮೇಲೆ ಜನ ಅಳುತ್ತಾರೆ, ಇಲ್ಲವೇ ಮನೆಗೆ ಹೋಗಿ ಉಂಡು ಮಲಗುತ್ತಾರೆ. ಒಂದು ಅಂಕಿಯನ್ನೂ ಅವಳು ಇವತ್ತಿನವರೆಗೆ ತಪ್ಪಾಗಿ ಓದಿರಲಿಲ್ಲ. ಇಷ್ಟು ಸುಲಭ ಅಂತ ಗೊತ್ತಿರಲಿಲ್ಲ.

ಬೆಲ್ಟು ಬಿಗಿ ಮಾಡುವುದು ಒಂದು ಬೋಲ್ಟು ಸಡಿಲಿಸಿ ಮತ್ತೆ ಬಿಗಿಯುವಷ್ಟರ ಕೆಲಸ. ಅದಾದರೆ ಕಾರು ಹೊರಡುತ್ತದೆ. ಕಾರು ಹೊರಡಬಾರದು. ಹಿಂದಿನ ಸೀಟಿನಲ್ಲಿ ಹಳೆಯ ಟವೆಲ್ಲು ಸುತ್ತಿದ ಕಬ್ಬಿಣದ ರಾಡು ಮಲಗಿತ್ತು, ಮಗುವನ್ನು ಮಲಗಿಸಿದ ಹಾಗೆ ಸೀಟಿನ ಉದ್ದಕ್ಕೆ. ಬೆಳಿಗ್ಗೆ ಗಡ್ಡ ಹೆರೆಯುತ್ತ, ಕೆನ್ನೆಯನ್ನು ಒಳಗಿನಿಂದ ನಾಲಗೆಯಲ್ಲಿ ಉಬ್ಬಿಸಿಕೊಂಡು, ಕನ್ನಡಿಯಲ್ಲಿ ಅವಳನ್ನು ನೋಡುತ್ತ ಅವನು ಹೇಳಿದ್ದ: "ಇವತ್ತು ಹೋಗಿ ನನಗೆ ಹೊಡೆದ ಆ ಕೈ ಮುರಿದು ಬರ್ತೀನಿ." ಕೂಗಿರಲಿಲ್ಲ. ಕೂಗಿದ್ದರೆ ಅವಳು ಇಷ್ಟು ಹೆದರುತ್ತಿರಲಿಲ್ಲ. ಅವನು ಕೂಗಾಡಿದ ದಿನ ತಟ್ಟೆ ಒಡೆಯುತ್ತದೆ, ಬಾಗಿಲು ಬಡಿಯುತ್ತದೆ, ಅಲ್ಲಿಗೆ ಮುಗಿಯುತ್ತದೆ. ಮೆಲ್ಲಗೆ ಹೇಳಿದ್ದನ್ನು ಮಾತ್ರ ಅವನು ಮಾಡಿಯೇ ತೀರುತ್ತಾನೆ. ಅವಳ ಎಡ ಮಣಿಕಟ್ಟಿಗೆ ಅದು ಗೊತ್ತು. ಬಸ್ಸಿದೆ, ಅವನ ತಮ್ಮನ ಊರಿಗೆ ಬೇಕಾದಷ್ಟು ಬಸ್ಸಿದೆ. ಆದರೆ ರಾಡು ಹಿಡಿದು, ಟಿಕೆಟ್ ತೆಗೆದುಕೊಂಡು, ಯಾರದೋ ತರಕಾರಿ ಚೀಲದ ಪಕ್ಕ ಕೂತು ಹೋಗಿ ತಮ್ಮನನ್ನು ಹೊಡೆಯುವುದು ಅವನ ಘನತೆಗೆ ಒಪ್ಪುವಂತಿರಲಿಲ್ಲ. ಅಪ್ಪನ ಕಾರಿನಲ್ಲೇ ಹೋಗಿ ಇಳಿಯಬೇಕು.

ಅವನು ಎಂಜಿನ್ ನಿಲ್ಲಿಸಿ ಇಳಿದು ಬಂದ. ಅವಳ ಕೈಯಿಂದ ಮೀಟರನ್ನು ಕಿತ್ತುಕೊಳ್ಳುವಾಗ ಅದರ ಮೊನಚು ತುದಿ ಅಂಗೈಯನ್ನು ಗೀರಿತು. ಸದ್ಯ, ಎಂಜಿನ್ ನಿಂತ ಮೇಲೆ ಮೀಟರ್ ಹನ್ನೆರಡೇ ತೋರಿಸುತ್ತದೆ. "ಹಾಗಾದರೆ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರೇ ಸತ್ತಿದೆ," ಎಂದು ಬಂಪರಿಗೆ ಒದ್ದ. ಕಾರು ಒಮ್ಮೆ ತಲೆಯಾಡಿಸಿತು. ಸ್ಪ್ಯಾನರನ್ನು ಗೋಡೆಗೆ ಎಸೆದ. ಅದು ಗಾರೆ ಕಿತ್ತು, ಪುಟಿದು, ಮೆಟ್ಟಿಲ ಮೇಲೆ ತಲೆ ಬಾಚಿಕೊಳ್ಳುತ್ತ ಕೂತಿದ್ದ ಅತ್ತೆಯ ಕಾಲ ಬುಡಕ್ಕೆ ಬಂದು ಬಿತ್ತು. ಅತ್ತೆ ಕಾಲನ್ನು ಮಡಚಿಕೊಂಡರು, ಬಾಚುವುದನ್ನು ನಿಲ್ಲಿಸಲಿಲ್ಲ. "ನಿಮ್ಮಪ್ಪ ಈ ಗಾಡಿಗೆ ಕೊಟ್ಟ ಮರ್ಯಾದೇಲಿ ಕಾಲು ಭಾಗ ನನಗೆ ಕೊಟ್ಟಿದ್ದರೆ ನಾನು ಇನ್ನೂ ಓಡ್ತಿದ್ದೆ," ಎಂದರು ಯಾರಿಗೂ ಅಲ್ಲದ ಹಾಗೆ. "ನೀನು ಸುಮ್ನಿರಮ್ಮ." "ನಾನು ಸುಮ್ನೇ ಇದ್ದೀನಲ್ಲಪ್ಪ. ಈ ಮನೇಲಿ ಅದೊಂದನ್ನ ಚೆನ್ನಾಗಿ ಕಲಿತಿದ್ದೀನಿ."

ಅವನು ಬ್ಯಾಟರಿಯ ಟರ್ಮಿನಲ್ಲುಗಳನ್ನು ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜತೊಡಗಿದ. ಅಂಗಿ ತೆಗೆದಿದ್ದ. ಬೆನ್ನಿನ ಮೇಲೆ ಓರೆಯಾಗಿ, ಚರ್ಮಕ್ಕಿಂತ ಬಿಳಿಯಾಗಿ ಎರಡು ಪಟ್ಟೆ ಹಾದುಹೋಗಿದ್ದವು, ಪಟ್ಟೆಯ ಅಂಚಿನುದ್ದಕ್ಕೂ ಸಣ್ಣ ಸಣ್ಣ ಹಲ್ಲು. ಮದುವೆಯಾದ ಹೊಸದರಲ್ಲಿ ಅದನ್ನು ಬೆರಳಿನಿಂದ ಮುಟ್ಟಿ ಏನಿದು ಎಂದು ಕೇಳಿದ್ದಳು, ಅವನು ಪಕ್ಕಕ್ಕೆ ಹೊರಳಿದ್ದ. ಹೇಳಿದ್ದು ಮೈದುನ, ನಗುತ್ತ, ಊಟಕ್ಕೆ ಕೂತಾಗ: "ಅಪ್ಪ ಸವೆದ ಫ್ಯಾನ್ ಬೆಲ್ಟನ್ನ ಎಸೀತಿರಲಿಲ್ಲ ಅತ್ತಿಗೆ. ಗಾಡಿಗೆ ಹಳೇದಾದದ್ದು ನಮಗೆ ಹೊಸದು." ಮೈದುನನ ಬೆನ್ನಿನಲ್ಲಿ ಗುರುತೇ ಇರಲಿಲ್ಲವಂತೆ. ಚಿಕ್ಕೋನ ಸರದಿ ಬಂದಾಗ ದೊಡ್ಡೋನು ಮೇಲೆ ಬಿದ್ದು ಮುಚ್ಚಿಕೊಳ್ಳುತ್ತಿದ್ದನಂತೆ. ಅದನ್ನೂ ಅವನು ನಗುತ್ತಲೇ ಹೇಳಿದ್ದ, ಗಂಡ ತಟ್ಟೆ ಬಿಟ್ಟು ಎದ್ದು ಹೋಗಿದ್ದ. ಆ ಬೆನ್ನು ಈಗ ಬಗ್ಗಿ ಉಜ್ಜುತ್ತಿತ್ತು, ಟರ್ಮಿನಲ್ಲಿನ ಹಸಿರು ಕಿಲುಬು ಪುಡಿಯಾಗಿ ಉದುರುತ್ತಿತ್ತು. ಒಮ್ಮೊಮ್ಮೆ ಅವಳಿಗೆ ಆ ಬೆನ್ನಿನ ಮೇಲೆ ಕರುಣೆ ಉಕ್ಕುತ್ತಿತ್ತು. ಉಕ್ಕಿದ ಗಳಿಗೆಯಲ್ಲೇ, ಇನ್ನೊಂದು ಪಟ್ಟೆ ಬಿದ್ದಿದ್ದರೆ ಏನಾಗುತ್ತಿತ್ತು, ಇನ್ನೂ ಆಳವಾಗಿ, ಎಂದೂ ಅನ್ನಿಸುತ್ತಿತ್ತು. ಅನ್ನಿಸಿದ್ದಕ್ಕೆ ಸುತ್ತ ನೋಡುತ್ತಿದ್ದಳು, ಯಾರಾದರೂ ಕೇಳಿಸಿಕೊಂಡರೋ ಎಂಬಂತೆ.

ಹೊಡೆದ ಆ ಕೈ. ಸಂಬಂಧಿಕರೊಬ್ಬರ ಮನೆಯಲ್ಲಿ, ಊಟವಾದ ಮೇಲೆ, ಅವಳು ಕೈತೊಳೆಯುವಲ್ಲಿ ನಿಂತಿದ್ದಾಗ ಗಂಡ ಹಿಂದಿನಿಂದ ಬಂದು ಅವಳ ಮಣಿಕಟ್ಟನ್ನು ಹಿಡಿದು ತಿರುಚಿದ್ದ. ಅವನ ಮೇಲಧಿಕಾರಿಯ ಎದುರು ಅವಳು ಒಂದು ಮಾತು ಹೆಚ್ಚು ಆಡಿದ್ದಳಂತೆ. ಅವಳಿಗೆ ಅಭ್ಯಾಸವಿತ್ತು, ಎಷ್ಟು ತಿರುಚಿದರೆ ಎಷ್ಟು ಹೊತ್ತು ಉಸಿರು ಹಿಡಿಯಬೇಕು ಎಂದು ಗೊತ್ತಿತ್ತು. ನಲ್ಲಿಯ ನೀರನ್ನೇ ನೋಡುತ್ತ ನಿಂತಳು. ಮೈದುನ ಎಲ್ಲಿದ್ದನೋ. ಒಮ್ಮೆಲೇ ಎದುರಿಗೆ ಬಂದ, ಮಾತಿಲ್ಲ ಕತೆಯಿಲ್ಲ, ಅಣ್ಣನ ಕೆನ್ನೆಗೆ ಬಾರಿಸಿದ. ಹಜಾರದಲ್ಲಿದ್ದವರೆಲ್ಲ ತಿರುಗಿ ನೋಡಿದರು, ಮೇಲಧಿಕಾರಿ ಕೈಯಲ್ಲಿ ಲೋಟ ಹಿಡಿದುಕೊಂಡೇ ತಿರುಗಿದ. ಮೈದುನ ಅಂಗಡಿ ಬೋರ್ಡುಗಳನ್ನು ಬರೆಯುವವನು; ನೇರ ಕೆಲಸದಿಂದ ಬಂದಿದ್ದ ಅವನ ಬಲಗೈಯ ಒಣಗದ ಹಳದಿ ಬಣ್ಣ ಗಂಡನ ಕೆನ್ನೆಯ ಮೇಲೆ ಬೆರಳಿನಗಲ ಉಳಿದಿತ್ತು, ಮನೆಗೆ ಬರುವವರೆಗೂ ಅವನು ಅದನ್ನು ಒರೆಸಿಕೊಳ್ಳಲಿಲ್ಲ. ಅವಳನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಬೇರೆ. ಆ ಸದ್ದು ಕೇಳಿದಾಗ ಅವಳ ಹೊಟ್ಟೆಯ ಆಳದಲ್ಲಿ ಏನೋ ಬೆಚ್ಚಗೆ ಹರಿದಿತ್ತು, ಮತ್ತು ಅದು ಮುಖದ ಮೇಲೂ ಬಂದಿರಬೇಕು, ಏಕೆಂದರೆ ಗಂಡ ತಮ್ಮನನ್ನು ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದ. ಮೈದುನನ ಕೈ ಮುರಿದರೆ ಅದು ಅವಳಿಗಾಗಿ ಮುರಿದಂತೆ. ಫೋನು ಮಾಡಿ ಎಚ್ಚರಿಸೋಣವೆಂದರೆ ಅವಳ ಫೋನು ಬೆಳಗಿನಿಂದ ಗಂಡನ ಪ್ಯಾಂಟಿನ ಜೇಬಿನಲ್ಲಿತ್ತು. ಉಳಿದದ್ದು ಒಂದೇ, ಮೀಟರಿನ ಅಂಕಿ.

"ಮೇಡಂ ಅವರು ನಿಂತಲ್ಲೇ ನಿದ್ದೆ ಹೋದರಾ?" ಎಂದ ಗಂಡ. "ಹಿಡಿ. ಅರ್ತ್ ತಂತಿಗೆ ಹಿಡಿ."

ಹಿಡಿದಳು. ಸುಳ್ಳು ಹೇಳಿದಳು. ಆಲ್ಟರ್ನೇಟರಿನ ಬೆನ್ನಿಗೆ ಹಿಡಿದಳು, ಸುಳ್ಳು ಹೇಳಿದಳು. ಒಂದೊಂದು ಸುಳ್ಳಿಗೂ ಅವನು ಒಂದೊಂದು ಹೊಸ ತಂತಿ ಬಿಚ್ಚಿದ, ಚೆನ್ನಾಗಿದ್ದುದನ್ನು ಕತ್ತರಿಸಿ ಮತ್ತೆ ಸುತ್ತಿದ, ಬೆವರು ಒರೆಸಿಕೊಂಡ ಕೈಯಿಂದಲೇ ಅವಳ ಭುಜವನ್ನು ತಳ್ಳಿ ಜಾಗ ಮಾಡಿಕೊಂಡ. ಬಿಸಿಲು ಅಂಗಳದ ನಡುವಿಗೆ ಬಂದಿತ್ತು. ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಬಳಲಿತು. ಎಂಜಿನ್ನು ಎರಡು ಸಲ ನರಳಿ, ಮೂರನೆಯ ಸಲ ಬರೇ ಟಕ್ ಎಂದಿತು. ಗಂಡ ಸ್ಟೀರಿಂಗಿಗೆ ಹಣೆ ಚಚ್ಚಿಕೊಂಡ. ಅವಳಿಗೆ ಕುಣಿಯಬೇಕೆನ್ನಿಸಿತು. ಗೆದ್ದೆ ಎಂದುಕೊಂಡಳು, ಇವತ್ತಿಗೆ ಗೆದ್ದೆ, ನಾಳೆಗೆ ಇವನ ಸಿಟ್ಟು ತಟ್ಟೆ ಒಡೆಯುವಷ್ಟಕ್ಕೆ ಇಳಿದಿರುತ್ತದೆ.

ಆಗ ಅತ್ತೆ ಬಾಚಣಿಗೆಯಿಂದ ಕೂದಲು ಬಿಡಿಸಿ ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದರು: "ಒದ್ದಾಡಬೇಡ. ಚಿಕ್ಕೋನಿಗೆ ಫೋನ್ ಮಾಡಿದ್ದೀನಿ. ಬರ್ತಿದ್ದಾನೆ. ಅವನ ಹತ್ರ ಚಾರ್ಜ್ ಆಗಿರೋ ಬ್ಯಾಟರಿನೂ ಇದೆಯಂತೆ."

ಗಂಡ ಹಣೆ ಎತ್ತಿದ. ಅವಳು ಅತ್ತೆಯ ಬಳಿಗೆ ಹೋಗಿ, ಮೆಟ್ಟಿಲ ಮೇಲೆ ಬಗ್ಗಿ, ಪಿಸುದನಿಯಲ್ಲಿ, "ಅತ್ತೆ, ಯಾಕೆ ಕರೆದ್ರಿ?" ಎಂದಳು.

"ಯಾಕೆ ಅಂದರೆ? ಅಣ್ಣತಮ್ಮಂದಿರು ಮಾತು ಬಿಟ್ಟು ಎಷ್ಟು ದಿನ ಅಂತ ಇರೋದು? ಈ ಗಾಡಿ ಅಂದರೆ ಇಬ್ಬರಿಗೂ ಪ್ರಾಣ. ಬಾನೆಟ್ ಕೆಳಗೆ ತಲೆ ಹಾಕಿದರೆ ಎಲ್ಲ ಮರೀತಾರೆ, ನೋಡ್ತಿರು."

"ಹಿಂದಿನ ಸೀಟಲ್ಲಿ ಏನಿದೆ ನೋಡಿದ್ದೀರಾ?"

ಅತ್ತೆ ಕೂದಲಿನ ಉಂಡೆಯನ್ನು ನೋಡಿದರು. "ನನಗೆ ದೂರದ್ದು ಕಾಣಲ್ಲಮ್ಮ," ಎಂದರು.

ಮೈದುನ ಬಂದ. ಮೋಟಾರ್ ಬೈಕಿನ ಹಿಂದೆ ಬ್ಯಾಟರಿಯನ್ನು ಹಗ್ಗದಲ್ಲಿ ಬಿಗಿದುಕೊಂಡು, ಹೆಲ್ಮೆಟ್ಟು ತೆಗೆದು ಗೇಟಿನ ಮೇಲಿಟ್ಟು, ಅಣ್ಣನ ಮುಖ ನೋಡದೆ, ಅವಳ ಮುಖ ನೋಡದೆ, ನೇರವಾಗಿ ಕಾರಿನ ಮುಖ ನೋಡುತ್ತ. ಬಲಗೈಯ ಉಗುರಿನ ಸಂದಿಯಲ್ಲಿ ಇವತ್ತು ನೀಲಿ ಬಣ್ಣ. ಅವಳು ಗಂಡನ ಕೈಗಳನ್ನು ನೋಡುತ್ತಿದ್ದಳು. ಅವು ಸೊಂಟದ ಮೇಲಿದ್ದವು. ಓಡಿ ಹೋಗು ಎಂದು ಕಣ್ಣಿನಲ್ಲಿ ಹೇಳಲು ನೋಡಿದಳು. ಮೈದುನ ತಲೆ ಎತ್ತಿದರೆ ತಾನೆ. ಹಳೆಯ ಬ್ಯಾಟರಿ ಎತ್ತಿಟ್ಟು ಹೊಸದನ್ನು ಕೂರಿಸಿದ, ಅಣ್ಣ ಕತ್ತರಿಸಿದ ತಂತಿಗಳನ್ನು ಕಂಡು ಲೊಚಗುಟ್ಟಿದ. "ಇದನ್ನೆಲ್ಲ ಯಾಕೆ ಕತ್ತರಿಸಿದೆ? ಇಲಿ ಹೊಕ್ಕ ಹಾಗೆ ಮಾಡಿದ್ದೀಯಲ್ಲ." ಮೈದುನ ಸೆಲ್ಫ್ ಹೊಡೆದ, ಎಂಜಿನ್ನು ಎದ್ದಿತು, ಬೆಲ್ಟು ಕಿರುಚಿತು, ಅವನು ಮೀಟರನ್ನೂ ಕೇಳದೆ ಎಂಜಿನ್ ನಿಲ್ಲಿಸಿ ನಕ್ಕುಬಿಟ್ಟ. "ಬೆಲ್ಟು ಸಡಿಲ ಅಷ್ಟೇ ಕಣೋ! ಬೆಳಗಿನಿಂದ ಏನು ಕಿತ್ತೆ ನೀನು?"

"ಮೀಟರ್ ಹನ್ನೆರಡರ ಮೇಲೆ ಹೋಗಲಿಲ್ಲ," ಎಂದ ಗಂಡ. ಅದು ಅವನು ತಮ್ಮನಿಗೆ ಆಡಿದ ಮೊದಲ ಮಾತು. ಆಡುತ್ತ ಅವನು ನಿಧಾನವಾಗಿ ಅವಳ ಕಡೆ ತಿರುಗಿದ. ಅವಳು ಎಡ ಮಣಿಕಟ್ಟನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡಳು.

"ಅತ್ತಿಗೆ, ನೀವು ಒಳಗೆ ಕೂತ್ಕೊಳ್ಳಿ. ನಾನು ಹೇಳಿದಾಗ ಸೆಲ್ಫ್ ಹೊಡೀರಿ," ಎಂದ ಮೈದುನ.

ಅವಳು ಕೂತಳು. ಬಾಗಿಲು ಮುಚ್ಚಿಕೊಂಡಿತು. ಬಾಗಿಲಿನ ಗಾಜನ್ನು ಗಂಡ ಆಗಲೇ ಏರಿಸಿಬಿಟ್ಟಿದ್ದ. ಹೊರಗಿನ ಮಾತೆಲ್ಲ ನೀರಿನೊಳಗಿನಿಂದ ಬಂದ ಹಾಗೆ ಕೇಳುತ್ತಿತ್ತು. ಮುಂದೆ ಬಾನೆಟ್ಟು ಗೋಡೆಯ ಹಾಗೆ ಎದ್ದು ನಿಂತಿತ್ತು, ಅದರ ಬುಡದಲ್ಲಿ ಒಂದು ಅಡ್ಡ ಸೀಳು. ಆ ಸೀಳಿನಲ್ಲಿ ಎಂಜಿನ್ನಿನ ಒಂದು ತುಂಡು, ಬೆಲ್ಟಿನ ಒಂದು ತುಂಡು, ಕೈಗಳು. ಹಿಂದಕ್ಕೆ ತಿರುಗಿ ನೋಡಿದಳು. ರಾಡು ಅಲ್ಲೇ ಇತ್ತು. ತಿರುಗಿ ಮುಂದೆ ನೋಡುವಷ್ಟರಲ್ಲಿ ಹಿಂದಿನ ಬಾಗಿಲು ತೆರೆಯಿತು, ಗಂಡನ ಬೆವರಿನ ವಾಸನೆ ಒಳಗೆ ಬಂತು, ಟವೆಲ್ಲು ಸರಸರನೆ ಬಿಚ್ಚಿಕೊಂಡಿತು. ಅವನು ಅವಳನ್ನು ನೋಡಲಿಲ್ಲ. ಬಾಗಿಲು ಬಡಿಯಿತು. ಕೂಗು, ಎಂದುಕೊಂಡಳು. ಕೂಗಬೇಕು. ಬಾಯಿ ತೆರೆಯಿತು, ಒಳಗಿನಿಂದ ಏನೂ ಬರಲಿಲ್ಲ. ಎಷ್ಟೋ ವರ್ಷಗಳಿಂದ ಇಂಥ ಗಳಿಗೆಯಲ್ಲಿ ಉಸಿರನ್ನು ಒಳಗೇ ಹಿಡಿಯಲು ಕಲಿತಿದ್ದ ಗಂಟಲು ಈಗಲೂ ಅದನ್ನೇ ಮಾಡಿತು. ಅತ್ತೆ ಮೆಟ್ಟಿಲ ಮೇಲೆ ಇರಲಿಲ್ಲ. ಸೀಳಿನಲ್ಲಿ ಮೈದುನನ ಬಲಗೈ ಕಾಣಿಸಿತು, ನೀಲಿ ಉಗುರಿನ ಬೆರಳುಗಳು ಬೆಲ್ಟನ್ನು ಸುತ್ತಿ ಹಿಡಿದು ಹಿಸುಕಿ ನೋಡುತ್ತಿದ್ದವು. ಬಾನೆಟ್ಟಿನ ಅಂಚಿನ ಮೇಲೆ ರಾಡಿನ ತುದಿ ಎದ್ದಿತು. ಬಿಸಿಲಿಗೆ ಹೊಳೆಯಿತು. ಇನ್ನೂ ಮೇಲೆ ಎದ್ದಿತು.

ಅವಳು ಕೀಲಿ ತಿರುಗಿಸಿದಳು.

ಕೂಗಿದ್ದು ಯಾರೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಹಂದಿ ಕೊಯ್ಯುವಾಗಿನ ಕೂಗು ಅದು, ಮನುಷ್ಯರದ್ದೆಂದು ಕಿವಿ ನಂಬಲಿಲ್ಲ. ಕೀಲಿ ಬಿಟ್ಟಳು. ಎಂಜಿನ್ನು ಒಂದೇ ಸುತ್ತು ತಿರುಗಿ ನಿಂತಿತ್ತು, ಆದರೆ ಒಂದು ಸುತ್ತು ಸಾಕಾಗಿತ್ತು. ಬೆಲ್ಟು ಬೆರಳುಗಳನ್ನು ಎಳೆದುಕೊಂಡು ಹೋಗಿ ತಾನು ಸುತ್ತುವ ಪುಟ್ಟ ಗಾಲಿಯ ಸಂದಿಯೊಳಗೆ ತುರುಕಿತ್ತು. ಇಳಿದು ಓಡಿದಳು. ಮೈದುನ ಎಂಜಿನ್ನಿನ ಮೇಲೆ ಕವುಚಿ ಬಿದ್ದಿದ್ದ, ಗಂಡ ಅವನನ್ನು ಹಿಂದಿನಿಂದ ತಬ್ಬಿ ಹಿಡಿದಿದ್ದ, ಬೀಳದ ಹಾಗೆ, ಎಳೆಯದ ಹಾಗೆ. "ಚಾಕು! ಅಮ್ಮಾ, ಚಾಕು ತಾರೇ!" ಅತ್ತೆ ಅಡುಗೆಮನೆಯ ಚಾಕು ಹಿಡಿದು ಬರಿಗಾಲಿನಲ್ಲಿ ಓಡಿ ಬಂದರು. ಗಂಡ ಬೆಲ್ಟನ್ನು ಕೊಯ್ದ. ರಬ್ಬರು ಸುಲಭಕ್ಕೆ ಕೊಯ್ದುಬರಲಿಲ್ಲ, ಅವನು ಹಲ್ಲು ಕಚ್ಚಿ ಕೊಯ್ದ. ಅದು ಪಟ್ಟನೆ ಬಿಟ್ಟುಕೊಂಡು ಅವನ ಎದೆಗೆ ಹೊಡೆದು ಕೆಂಪು ಬರೆ ಎಳೆಯಿತು. ಕೈ ಹೊರಗೆ ಬಂತು. ಅವಳು ದಿನವೂ ರಕ್ತ ನೋಡುವವಳು, ಗಾಜಿನ ಕೊಳವೆಗಳಲ್ಲಿ, ಹೆಸರಿನ ಚೀಟಿ ಅಂಟಿಸಿಕೊಂಡು ಸಾಲಾಗಿ ನಿಂತ ರಕ್ತ. ಇದು ಗ್ರೀಸಿನ ಜೊತೆ ಕಲಸಿ, ಕಪ್ಪಾಗಿ, ಬಂಪರಿನಿಂದ ತೊಟ್ಟಿಕ್ಕುತ್ತಿತ್ತು. ರಾಡು ಎಲ್ಲಿ ಎಂದು ಹುಡುಕಿದಳು. ಅದರ ಒಂದು ತುದಿ ಎಂಜಿನ್ನು ಮತ್ತು ಆಲ್ಟರ್ನೇಟರಿನ ನಡುವೆ ಸಿಕ್ಕಿಕೊಂಡಿತ್ತು, ಇನ್ನೊಂದು ತುದಿ ಗಾಳಿಯಲ್ಲಿ ಸ್ವಲ್ಪ ಸ್ವಲ್ಪವೇ ನಡುಗುತ್ತಿತ್ತು. ಆಲ್ಟರ್ನೇಟರನ್ನು ಹೊರಕ್ಕೆ ಮೀಟಿ ಹಿಡಿದರೆ ಬೆಲ್ಟು ಬಿಗಿಯಾಗುತ್ತದೆ. ಹಾಗೆ ಮೀಟಲು ಉದ್ದನೆಯದೇನಾದರೂ ಬೇಕು. ಮೈದುನ ಕೇಳಿದ್ದ, ಗಂಡ ತಂದಿದ್ದ. ಮೇಲಿನಿಂದ ಇಳಿಸಿ ಸಂದಿಗೆ ಹಾಕಲು ಎತ್ತಿದ್ದ.

"ಅತ್ತಿಗೆ ಬೇಕಂತ ಮಾಡಿಲ್ಲ ಬಿಡೋ," ಎಂದ ಮೈದುನ, ತುಟಿ ಬೆಳ್ಳಗಾಗಿತ್ತು. ಯಾರೂ ಏನೂ ಕೇಳಿರಲಿಲ್ಲ. "ನಾನು ಹೇಳಿದೆ ಅಂತ ಅಂದ್ಕೊಂಡ್ರು. ಅಲ್ವಾ ಅತ್ತಿಗೆ?"

ಅದೇ ಟವೆಲ್ಲಿನಲ್ಲಿ ಕೈ ಸುತ್ತಿದರು. ಕಾರು ಓಡಿಸಿದ್ದು ಅವಳು. ಲೈಸೆನ್ಸ್ ಇದ್ದೂ ಗಂಡ ಎಂದೂ ಕೊಡದಿದ್ದ ಕೀಲಿಯನ್ನು ಇವತ್ತು ಎರಡು ಸಲ ತಿರುಗಿಸಿದಳು. ಬೆಲ್ಟು ಇಲ್ಲದ ಕಾರು ಮೈದುನ ತಂದ ಬ್ಯಾಟರಿಯ ಬಲದಲ್ಲೇ ಓಡಬೇಕು, ನಿಂತರೆ ನಿಂತಂತೆ. ಚಾರ್ಜಿಂಗಿನ ಕೆಂಪು ದೀಪ ಕಣ್ಣೆದುರು ಉರಿಯುತ್ತಲೇ ಇತ್ತು, ಎಂಜಿನ್ನಿನ ಕಾವಿನ ಮುಳ್ಳು ಏರುತ್ತಲೇ ಇತ್ತು. ಹಾರ್ನ್ ಹೊಡೆದರೆ ಬ್ಯಾಟರಿ ಇಳಿದೀತೆಂದು ಹೊಡೆಯಲಿಲ್ಲ, ಅಡ್ಡ ಬಂದ ಸೈಕಲ್ಲಿನವನ ಮೇಲೆ ಹತ್ತಿಸಿಬಿಡುವವಳಿದ್ದಳು, ಅವನು ಚರಂಡಿಗೆ ಹಾರಿ ಅವಳ ವಂಶವನ್ನೆಲ್ಲ ಬೈದ. ಹಿಂದೆ ಗಂಡ ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದ. ಅವನು ಅಳುವುದನ್ನು ಅವಳು ಎಂದೂ ಕೇಳಿರಲಿಲ್ಲ. ಸಣ್ಣ, ಬಿಕ್ಕುವ, ಏನೋ ಕಳೆದುಕೊಂಡ ಮಗುವಿನ ಅಳು. "ಸಿಟ್ಟು ಆಗಲೇ ಹೋಗಿತ್ತು ಕಣೋ," ಎನ್ನುತ್ತಿದ್ದ, "ನೀನು ಇಲಿ ಅಂದೆಯಲ್ಲ, ಆಗಲೇ ಹೋಗಿತ್ತು." ಕನ್ನಡಿಯಲ್ಲಿ ಅವನ ಬಗ್ಗಿದ ತಲೆ ಕಾಣುತ್ತಿತ್ತು. ನಾನು ಆ ಕೈಯನ್ನು ನೋಡಿದೆ, ಎಂದುಕೊಂಡಳು ಅವಳು. ರಾಡು ನೋಡುವ ಮುಂಚೆ ನೋಡಿದೆ. ಉಗುರಿನ ನೀಲಿ ಸಹಿತ ನೋಡಿದೆ. ಹಾರ್ನ್ ಇತ್ತು. ಬಾಗಿಲಿತ್ತು. ಗಾಜಿಗೆ ಬಡಿಯಬಹುದಿತ್ತು. ಯಾಕೆ ಕೀಲಿ? ಮೀಟರ್ ಓದುವಂತೆ ತನ್ನೊಳಗೆ ಓದಿ ನೋಡಿದಳು, ಅಂಕಿ ಏರಿತು, ಇಳಿಯಿತು, ಒಂದರಲ್ಲಿ ನಿಲ್ಲಲಿಲ್ಲ.

ಆಸ್ಪತ್ರೆಯ ಪಡಸಾಲೆಯಲ್ಲಿ ಫಿನಾಯಿಲ್ ವಾಸನೆ. ಹೊರಗೆ ಬಂದ ಡಾಕ್ಟರು ಕೈಗವಸು ಬಿಚ್ಚುತ್ತ ಕೇಳಿದರು: "ಏನು ಕೆಲಸ ಮಾಡ್ತಾರೆ ಇವರು?"

"ಬೋರ್ಡ್ ಬರೀತಾನೆ," ಎಂದ ಗಂಡ.

"ಓ." ಡಾಕ್ಟರು ಕೈಗವಸನ್ನು ಬುಟ್ಟಿಗೆ ಹಾಕಿದರು. "ಎರಡು ಬೆರಳು ಉಳಿಯಲ್ಲ. ಉಳಿದವನ್ನ ನೋಡ್ತಿದ್ದೀವಿ. ಹೇಗಾಯ್ತು?"

ಅವಳು ಗೋಡೆಗೆ ಆತು ನಿಂತಿದ್ದಳು. ಈಗ ಹೇಳುತ್ತಾನೆ ಎಂದು ಕಾದಳು. ಇವಳು ಮಾಡಿದ್ದು ಎನ್ನುತ್ತಾನೆ, ಬೆರಳು ಚಾಚಿ, ಎಲ್ಲರೆದುರು. ಹೇಳಲಿ, ಹೇಳಿಬಿಟ್ಟರೆ ಒಳ್ಳೆಯದು. ಗಂಡ ಅವಳತ್ತ ಒಮ್ಮೆ ನೋಡಿ, ತಟ್ಟನೆ ಕಣ್ಣು ತೆಗೆದು, "ಬೆಲ್ಟಿಗೆ ಸಿಕ್ತು. ಅವನೇ ಕೈ ಹಾಕಿದ," ಎಂದ. ಡಾಕ್ಟರು ತಲೆಯಾಡಿಸಿ ಒಳಗೆ ಹೋದರು.

ಪಡಸಾಲೆಯಲ್ಲಿ ಇಬ್ಬರೇ ಉಳಿದರು. ಅವನು ಅವಳ ಎದುರಿಗೆ ಬಂದ, ಆದರೆ ಎಂದಿನಷ್ಟು ಹತ್ತಿರ ಬರಲಿಲ್ಲ. ಕೈಗಳು ಎರಡೂ ಪಕ್ಕದಲ್ಲಿ ಜೋತುಬಿದ್ದಿದ್ದವು, ತಮ್ಮನ ರಕ್ತ ಮೊಣಕೈವರೆಗೆ ಒಣಗಿ ಬಿರಿದಿತ್ತು. ಆಮೇಲೆ, ಯಾರಿಗೂ ಕೇಳಬಾರದೆನ್ನುವ ದನಿಯಲ್ಲಿ, "ಬೆಳಿಗ್ಗೆ ನಾನು ಹೇಳಿದೆನಲ್ಲ. ಅವನ ಕೈ ಮುರೀತೀನಿ ಅಂತ," ಎಂದ. "ನೀನು ಅದನ್ನ... ನನಗೋಸ್ಕರ ಮಾಡಿದೆಯಾ?"

ಅವಳು ಅವನ ಕಣ್ಣನ್ನು ನೋಡಿದಳು. ಮದುವೆಯಾದ ಲಾಗಾಯ್ತು ಆ ಕಣ್ಣುಗಳನ್ನು ಅವಳು ಹವಾಮಾನ ನೋಡುವ ಹಾಗೆ ನೋಡುತ್ತ ಬಂದಿದ್ದಳು, ಅದರಲ್ಲಿ ಏಳುವ ಮೋಡ ಅವಳಿಗೆ ಒಂದೊಂದೂ ಗೊತ್ತು. ಇದನ್ನು ಕಂಡಿರಲಿಲ್ಲ. ಅವನು ಹೆದರಿದ್ದ. ಅವಳ ಮುಖವನ್ನು ಓದಲು ಹೆಣಗುತ್ತಿದ್ದ, ರೆಪ್ಪೆ ಬಡಿಯದೆ, ಉತ್ತರ ಬರುವ ಮುಂಚೆಯೇ ಉಸಿರು ಒಳಗೆ ಹಿಡಿದುಕೊಂಡು. ಅಲ್ಲ ಎನ್ನುವ ಮಾತು ಅವಳ ನಾಲಗೆಯ ಮೇಲೆ ಬಂದು ಕೂತಿತ್ತು. ಅಲ್ಲ, ನೀವು ಹೊಡೀತೀರಿ ಅಂತ ಹೆದರಿದೆ, ಅವನನ್ನ ಉಳಿಸೋಕೆ ಹೋದೆ. ನಿಜವಿರಬಹುದಾದ ಮಾತು. ಹೇಳಿದರೆ ಅವನ ಉಸಿರು ಸಡಿಲವಾಗುತ್ತದೆ, ಭುಜ ಇಳಿಯುತ್ತದೆ, ಒಂದು ಹೆಜ್ಜೆ ಹತ್ತಿರ ಬರುತ್ತಾನೆ. ಒಳಗಿನಿಂದ ಮೈದುನ ನರಳುವುದು ಕೇಳಿಸಿತು.

"ನೀರು ತಗೊಂಡು ಬನ್ನಿ," ಎಂದಳು ಅವಳು.

"ಆಂ?"

"ಬಾಯಿ ಒಣಗಿದೆ. ನೀರು."

ಅವನು ತಲೆಯಾಡಿಸಿದ. ನೀರಿನ ನಲ್ಲಿ ಪಡಸಾಲೆಯ ಆ ತುದಿಯಲ್ಲಿತ್ತು. ಅವನು ಹೊರಟ, ಸ್ವಲ್ಪ ದೂರದವರೆಗೆ ಹಿಂದುಹಿಂದಕ್ಕೇ ನಡೆದ, ಅವಳಿಗೆ ಬೆನ್ನು ಕೊಡದೆ.